ಏಳು ದಿನದ ಮಾತು

"ಎಂ. ಎಸ್. ಜೋಶಿ, ತಿಕೋಟಾ" ಎಂಬ ಸಹಿಯ ಹಿಂದೆ ಕನ್ನಡಕ ಹಾಕಿದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಕೂತಿದ್ದಾರೆ ಎಂದು ನಾನು ಮೂರು ತಿಂಗಳು ನಂಬಿಕೊಂಡಿದ್ದೆ. ಪತ್ರಗಳು ಅಷ್ಟು ಖಡಕ್ಕಾಗಿದ್ದವು.

ವಿಜಯಪುರದ ಒಂದು ದಿನಪತ್ರಿಕೆಯ ಆರನೇ ಪುಟದಲ್ಲಿ ಪ್ರತಿ ಶನಿವಾರ ನಾನು ತಂತ್ರಜ್ಞಾನದ ಸುದ್ದಿಗಳ ಬಗ್ಗೆ ಅಂಕಣ ಬರೆಯುತ್ತೇನೆ. ಬರೆಯುತ್ತೇನೆ ಅನ್ನುವುದಕ್ಕಿಂತ ಜಗಳಾಡುತ್ತೇನೆ ಅನ್ನಬಹುದು. ಹೊಸ ಫೋನು ಬಂದರೆ ಜಗಳ. ಫೋನಿನಲ್ಲಿದ್ದ ಗುಂಡಿಯೊಂದು ಅಪ್‌ಡೇಟಿನಲ್ಲಿ ಮಾಯವಾದರೆ ಜಗಳ. ನಿಮ್ಮ ಪತ್ರವನ್ನು ನಾನೇ ಬರೆದುಕೊಡುತ್ತೇನೆ ಎನ್ನುವ ಎಐ ಬಂದ ವಾರವಂತೂ ಸಂಪಾದಕರು ಅರ್ಧ ಜಗಳವನ್ನು ಕತ್ತರಿಸಿ ಹಾಕಬೇಕಾಯಿತು. ಉಚಿತವಾಗಿ ಸಿಗುವುದೆಲ್ಲ ಮುಕ್ತವಲ್ಲ. ಒಳಗೇನಿದೆ ಎಂದು ತೆರೆದು ನೋಡಲು, ತಿದ್ದಲು, ನಾಲ್ಕು ಜನಕ್ಕೆ ಹಂಚಲು ಬಿಡುವ ತಂತ್ರಾಂಶ ಮಾತ್ರ ಮುಕ್ತ. ಇದನ್ನು ನಾನು ಹೇಳದೆ ಬಿಟ್ಟ ಶನಿವಾರವಿಲ್ಲ.

ಶನಿವಾರದ ಮಾತಿಗೆ ಮಂಗಳವಾರ ತಿಕೋಟಾದಿಂದ ಉತ್ತರ ಬರುತ್ತಿತ್ತು. ಫೆಬ್ರುವರಿಯ ಪತ್ರ ಹೀಗಿತ್ತು: "ವಾಟ್ಸಾಪ್ ಬಿಡಿ ಎಂದು ಬರೆದಿದ್ದೀರಿ. ನಮ್ಮ ಶೀತಲಗೃಹದ ನಾನೂರು ದ್ರಾಕ್ಷಿ ಬೆಳೆಗಾರರು ಅದರಲ್ಲಿಯೇ ಇದ್ದಾರೆ. ತಾವೇ ಬಂದು ಒಬ್ಬೊಬ್ಬರನ್ನಾಗಿ ಬಿಡಿಸಿ ಹೋಗಬೇಕಾಗಿ ವಿನಂತಿ. ಬಸ್ಸುಗಳು ಸಾಕಷ್ಟಿವೆ."

ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಬಬಲೇಶ್ವರದ ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರ ನಾನು. ಮರುದಿನ ಕ್ಲಾಸು ಮುಗಿಸಿದವನೇ ವಿಜಯಪುರದ ಮನೆಗೆ ಹೋಗುವ ಬದಲು ತಿಕೋಟಾದ ಬಸ್ಸು ಹತ್ತಿದೆ.

ಶೀತಲಗೃಹದ ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಒಣದ್ರಾಕ್ಷಿಯ ಸಿಹಿ ವಾಸನೆಯ ತಂಪು. ಉದ್ದನೆಯ ಬಿಳಿ ಮೇಜಿನ ಸುತ್ತ ಹೆಂಗಸರು ಕೂತು ಬಣ್ಣ ನೋಡಿ ದ್ರಾಕ್ಷಿ ಬೇರೆ ಮಾಡುತ್ತಿದ್ದರು. ಕಿಟಕಿಯ ಹತ್ತಿರ ನೀಲಿ ಏಪ್ರನ್ ತೊಟ್ಟ ಒಬ್ಬಳು ಒಂದೇ ಒಂದು ದ್ರಾಕ್ಷಿಯನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದಳು.

"ಜೋಶಿ ಸರ್ ಎಲ್ಲಿ ಅದಾರ್ರಿ?" ಎಂದೆ.

"ಯಾಕ ಬೇಕಾಗಿತ್ತು?"

"ಅವರ ಜೋಡಿ ಒಂದಿಷ್ಟು ಜಗಳ ಅದ."

ಒಂದು ಕಣ್ಣು ಮುಚ್ಚಿ ದ್ರಾಕ್ಷಿ ನೋಡುತ್ತಿದ್ದವಳು ಹಾಗೇ, ಆ ಒಂದೇ ಕಣ್ಣಿನಿಂದ, ನನ್ನ ಕಡೆ ತಿರುಗಿದಳು. ಮೊದಲು ನನ್ನ ಚಪ್ಪಲಿ ನೋಡಿದಳು, ಆಮೇಲೆ ಹೆಗಲ ಚೀಲ, ಆಮೇಲೆ ಮುಖ. ಮುಖದ ಹತ್ತಿರ ಬಂದಾಗ, ಅಂಕಣದ ಜೊತೆ ಅಚ್ಚಾಗುವ ಫೋಟೋ ನೆನಪಾಗಿರಬೇಕು, ಎರಡನೇ ಕಣ್ಣೂ ತೆರೆಯಿತು. ದ್ರಾಕ್ಷಿಯನ್ನು ಪರೀಕ್ಷೆ ಮಾಡುವ ಹಾಗೆಯೇ ನನ್ನನ್ನೂ ಮಾಡಿ ಮುಗಿಸಿದಳು.

"ಹಂಗಿದ್ರ ಕುಂದರ್ರಿ ಸುಶೀಲೇಂದ್ರ ಅವರ. ಈ ಹಿಡಿ ಮುಗಿಸಿ ಜಗಳ ಚಾಲೂ ಮಾಡೂಣು."

ಎಂ. ಅಂದರೆ ಮೃಣಾಲ. ವಯಸ್ಸು ಇಪ್ಪತ್ತೆಂಟು. ಅಲ್ಲಿನ ಗುಣಮಟ್ಟ ನೋಡಿಕೊಳ್ಳುವ ಅಧಿಕಾರಿ. ನಾನು ಮೂರು ತಿಂಗಳಿನಿಂದ ಮನಸ್ಸಿನಲ್ಲಿ ಬೈದುಕೊಂಡಿದ್ದ ಹೆಡ್‌ಮಾಸ್ತರರು ಆ ಕ್ಷಣವೇ ಗೈರುಹಾಜರಾದರು.

ಜಗಳವೇನೋ ಆಯಿತು. ಆದರೆ ನಾನು ಸೋತೆ, ಮತ್ತು ಸೋತದ್ದು ಯಾಕೋ ಹಿತವಾಗಿತ್ತು.

"ನಾನೂರು ಜನಾ ಬಿಡೂದು ಆಗಂಗಿಲ್ಲ ಅನ್ರಿ. ನೀವೊಬ್ರರೆ ನಮ್ಮ ಅಂಗಳಕ್ಕ ಬರ್ರಿ," ಎಂದೆ ಹೊರಡುವಾಗ.

ಅಂಗಳ ಎಂದರೆ ನಾನೇ ಕಟ್ಟಿದ ಒಂದು ಪುಟ್ಟ ಚಾಟ್ ವ್ಯವಸ್ಥೆ. ಕಾಲೇಜು ಎಸೆಯಲಿಕ್ಕಿದ್ದ ಹಳೆಯ ಕಂಪ್ಯೂಟರೊಂದನ್ನು ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿಟ್ಟು, ಗಾಂಧಿ ಚೌಕದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಗೆಳೆಯ ಫಯಾಜನ ಸಹಾಯದಿಂದ, ಪೂರಾ ಮುಕ್ತ ತಂತ್ರಾಂಶದ ಮೇಲೆ ನಡೆಸುತ್ತಿದ್ದೆ. ಮೂವತ್ತು ಸದಸ್ಯರಿದ್ದರು. ಅದರ ನಿಯಮಗಳನ್ನು ಮೂರು ಸಲ ಅಂಕಣದಲ್ಲಿ ಹೆಮ್ಮೆಯಿಂದ ಬರೆದಿದ್ದೇನೆ. ಇಲ್ಲಿ ಆಡಿದ ಮಾತು ಏಳು ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಯಾರು ಓದಿದರು, ಯಾರು ಓದಲಿಲ್ಲ ಎಂದು ತೋರಿಸುವ ನೀಲಿ ಗೆರೆ ಇಲ್ಲ. ಎಲ್ಲೂ ಯಾವ ನಕಲೂ ಇರುವುದಿಲ್ಲ. ಇನ್ನು ಯಾರಾದರೂ ಒಂದು ಪ್ರಸ್ತಾಪ ಇಟ್ಟರೆ, ಏಳು ದಿನದೊಳಗೆ ಬೇಡ ಎಂದು ಯಾರೂ ಹೇಳದಿದ್ದರೆ, ಅದು ಒಪ್ಪಿಗೆಯಾದಂತೆ. ಮುಕ್ತ ತಂತ್ರಾಂಶ ಕಟ್ಟುವ ಎಷ್ಟೋ ಬಳಗಗಳು ಹೀಗೇ ಕೆಲಸ ಮಾಡುತ್ತವೆ. ಎಲ್ಲರ 'ಹೂಂ'ಗಾಗಿ ಕಾಯುತ್ತ ಕೂತರೆ ಯಾವ ಕೆಲಸವೂ ಮುಂದೆ ಸಾಗುವುದಿಲ್ಲ.

"ಸುಮ್ಮ ಕುಂತವರೆಲ್ಲಾ ಹೂಂ ಅಂದಂಗೇನು?" ಎಂದು ಮೃಣಾಲ ನಕ್ಕಳು. "ನಮ್ಮಲ್ಲಿ ಸುಮ್ಮ ಕುಂತವರು ನಿದ್ದಿ ಹೊಡ್ಯಾಕತ್ತಿರ್ತಾರ."

ಆದರೂ ಸೇರಿದಳು, ಮೂವತ್ತೊಂದನೆಯವಳಾಗಿ. ಜೊತೆಗೆ ಕೆಲಸ ಮಾಡುವ ರೇಣುಕಾ ಮೊದಲಿನಿಂದಲೂ ಅಂಗಳದಲ್ಲಿದ್ದಳು. ಅವಳೇ ಕೈ ಹಿಡಿದು ಎಳೆದಳು ಎಂದು ಆಮೇಲೆ ತಿಳಿಯಿತು.

ಮೊದಲೆರಡು ವಾರ ಎಲ್ಲರ ಎದುರಿಗೆ ವಾದ ಮಾಡಿದೆವು. ಆಮೇಲೆ ಇಬ್ಬರೇ ಮಾತನಾಡುವ ಕೋಣೆಗೆ ಹೇಗೆ ಬಂದೆವೋ ಇಬ್ಬರಿಗೂ ನೆನಪಿಲ್ಲ. ಬೆಳಿಗ್ಗೆ ಬಬಲೇಶ್ವರದ ಬಸ್ಸಿನಲ್ಲಿ ನಾನು ಒಂದು ಸುದ್ದಿ ಕಳಿಸುವುದು, ಊಟದ ಹೊತ್ತಿಗೆ ಅವಳು ಅದನ್ನು ಹಿಂಜಿ ಹಾಕುವುದು.

"ಕನ್ನಡದಾಗ ಮಾತಾಡೋ ಎಐ ಬಂದಾದ. ಅದಕ್ಕ ನಮ್ಮ ವಿಜಾಪುರದ ಮಾತು ಬರಂಗಿಲ್ಲ," ಎಂದು ಬರೆದಿದ್ದೆ ಒಮ್ಮೆ.

"ಬರದಿದ್ರ ಚೊಲೋನ ಆತು ಬಿಡ್ರಿ. ಒಂದರೆ ನಮ್ಮ ಹಂತೇಕ ಉಳೀಲಿ," ಎಂದು ಬಂತು ಉತ್ತರ.

ಆ ಉತ್ತರವನ್ನು ಏಳು ದಿನ, ದಿನಕ್ಕೆ ನಾಲ್ಕು ಸಲ ಓದಿದೆ. ಎಂಟನೇ ದಿನ ಅದು ಇರಲಿಲ್ಲ. ನನ್ನ ನಿಯಮದ ಮೇಲೆ ನನಗೇ ಮೊದಲ ಸಲ ಬೇಜಾರಾದದ್ದು ಅವತ್ತು.

ಏಪ್ರಿಲ್ ತಿಂಗಳ ಒಂದು ಭಾನುವಾರ ಸಂಜೆ ಭೂತನಾಳ ಕೆರೆಯ ಏರಿಯ ಮೇಲೆ ನಡೆದೆವು. ನೀರು ಬಹಳ ಕೆಳಗಿತ್ತು, ಆದರೆ ಇದ್ದಷ್ಟು ನೀರಿನ ತುಂಬ ಸಂಜೆಯ ಕೆಂಪು ಹರಡಿತ್ತು. ಗಾಳಿಗೆ ಅವಳ ಓಢಣಿಯ ತುದಿ ನನ್ನ ಕೈಗೆ ಒಮ್ಮೆ ತಾಕಿ ಹೋಯಿತು. ಅವಳು ನೋಡಲಿಲ್ಲ. ಎರಡನೇ ಸಲ ತಾಕಿದಾಗ ನೋಡಿದಳು. ಆದರೂ ಎಳೆದುಕೊಳ್ಳಲಿಲ್ಲ. ನಾನು ಆ ಕೈಯನ್ನು ಅಲ್ಲಾಡಿಸದೆ ಹಿಡಿದುಕೊಂಡು ಅರ್ಧ ಕಿಲೋಮೀಟರು ನಡೆದೆ.

"ಧಾರವಾಡದ್ದೊಂದು ಸಂಬಂಧ ಬಂದಾದ," ಎಂದಳು ಸಹಜವಾಗಿ. "ಬ್ಯಾಂಕಿನಾಗ ಇರ್ತಾರಂತ. ದಿನಾ ಮೆಸೇಜ್ ಮಾಡ್ತಾರ. ಮೂರು ಪ್ಯಾರಾ, ಒಂದ ಒಂದು ತಪ್ಪಿಲ್ಲ. ಖರೇನ ಹೇಳ್ರಿ, ಗಂಡಸರು ಹಂಗ ಬರೀತಾರೇನು?"

"ಎಐ ಕಡೆಯಿಂದ ಬರಸಿರಬೇಕು."

"ನಂಗೂ ಹಂಗ ಅನಸ್ತದ." ಅವಳು ನಿಂತಳು. ಕೆರೆಯ ಕಡೆ ಮುಖ ಮಾಡಿ, ಕಣ್ಣಂಚಿನಿಂದ ಮಾತ್ರ ನನ್ನನ್ನು ನೋಡುತ್ತ ಹೇಳಿದಳು: "ನಿಮ್ಮ ಅಂಗಳದಾಗ ಬರಿಯೂದು ಚೊಲೋ ಅನಸ್ತದ್ರಿ. ಏಳು ದಿನಕ್ಕ ಹೋಗ್ತದ ಅಂದಮ್ಯಾಲ ಹೇಳಾಕ ಧೈರ್ಯ ಬರ್ತದ."

ಏನು ಹೇಳಲು ಧೈರ್ಯ ಎಂದು ಕೇಳುವ ಬುದ್ಧಿ ನನಗೆ ಅವತ್ತು ಬರಲಿಲ್ಲ. ಹೊಸ ಸರ್ವರಿನ ಬಗ್ಗೆ ಏನೋ ಹೇಳಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೇ ತಿಂಗಳಲ್ಲಿ ನನಗೆ ಮತ್ತೊಂದು ಹುಚ್ಚು ಹತ್ತಿತು. ಫೋನು ಬಿಟ್ಟು ಬದುಕಲಾಗುವುದಿಲ್ಲ ಎನ್ನುವವರಿಗೆ ತೋರಿಸಿಕೊಡುತ್ತೇನೆ ಎಂದು ಎಂಟು ದಿನ ಫೋನಿಲ್ಲದೆ ಇರುವ ಪ್ರಯೋಗ. ಮೊದಲೇ ಸಾರಿ ಹೇಳಿದರೆ ಪ್ರಯೋಗ ಕೆಡುತ್ತದೆಂದು ಯಾರಿಗೂ ತಿಳಿಸಲಿಲ್ಲ. ಮಂಗಳವಾರ ಸಂಜೆ ಫೋನು ಬಂದ್ ಮಾಡಿ ಕಪಾಟಿನಲ್ಲಿಟ್ಟು, ಮಮದಾಪುರದ ಸೋದರತ್ತೆ ತುಂಗಾಬಾಯಿಯ ಮನೆಗೆ ಹೊರಟುಬಿಟ್ಟೆ. ವಾರವೊಂದಕ್ಕೆ ಒಂದು ದಿನ ಹೆಚ್ಚಿಸಿದ್ದು ಓದುಗರ ಎದುರಿಗೆ ಮೀಸೆ ತಿರುವಲಿಕ್ಕೆ. ಬೇರೆ ಕಾರಣವಿರಲಿಲ್ಲ.

ಮಮದಾಪುರದ ಕೆರೆಯ ದಂಡೆಯಲ್ಲಿ ಕುರಿಗಳು ಇಳಿದು ನೀರು ಕುಡಿಯುವುದನ್ನು ನೋಡುತ್ತ ಎಂಟು ದಿನ ಕಳೆದೆ. ಕೈ ಆಗಾಗ ಖಾಲಿ ಜೇಬು ಮುಟ್ಟಿಕೊಳ್ಳುತ್ತಿತ್ತು. ಸುದ್ದಿಯ ಹಂಬಲ ಮೂರನೇ ದಿನಕ್ಕೆ ಹೋಯಿತು. ಮೃಣಾಲಳ ಹಂಬಲ ಹೋಗಲಿಲ್ಲ. ಅವಳು ಊಟದ ಹೊತ್ತಿಗೆ ಏನು ಬರೆದಿರಬಹುದು, ಮೊಸರನ್ನ ತಿನ್ನುತ್ತ ಒಂದು ಕೈಯಲ್ಲಿ ಹೇಗೆ ಟೈಪು ಮಾಡುತ್ತಿರಬಹುದು ಎಂದೇ ಯೋಚಿಸುತ್ತಿದ್ದೆ. ಐದನೇ ದಿನ ಅತ್ತೆ ಕೇಳಿಯೇಬಿಟ್ಟಳು.

"ಯಾರಪಾ ಅಕಿ?"

"ಯಾರಿಲ್ಲತ್ತಿ."

"ಮೂರ ದಿನದಿಂದ ಚಹಾ ಆರಿಸಿ ಕುಡ್ಯಾಕತ್ತಿ. ಯಾರೋ ಅದಾಳ."

ಇದ್ದಳು. ನಾನು ಅವಳನ್ನು ಪ್ರೀತಿಸುತ್ತೇನೆ ಎಂದು ಆ ಕೆರೆಯ ದಂಡೆಯಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ಊರಿಗೆ ಹೋದ ತಕ್ಷಣ ಹೇಳಿಬಿಡಬೇಕೆಂದು ತೀರ್ಮಾನ ಮಾಡಿದೆ.

ಬುಧವಾರ ಸಂಜೆ ಮನೆಗೆ ಬಂದು ಫೋನು ಚಾಲೂ ಮಾಡಿದೆ. ಅಂಗಳ ತೆರೆಯಿತು. ಅವಳ ಹೆಸರಿನ ಕೆಳಗೆ ಒಂದೇ ಸಾಲು ಬೂದು ಬಣ್ಣದಲ್ಲಿತ್ತು: "ಒಂದು ಸಂದೇಶ. ಕಳಿಸಿದ್ದು ಬುಧವಾರ ೧೦:೩೦. ಅವಧಿ ಮುಗಿದು ಅಳಿಸಲಾಗಿದೆ."

ನಾನು ಹೋದ ಮರುದಿನವೇ ಬರೆದಿದ್ದಳು. ಏಳು ದಿನ ಕಾದು, ಆ ಬೆಳಿಗ್ಗೆಯೇ ಅದು ಹೋಗಿತ್ತು. ಆಮೇಲೆ ಅವಳು ಏನನ್ನೂ ಬರೆದಿರಲಿಲ್ಲ. ದಿನಕ್ಕೆ ಹತ್ತು ಸಲ ಕಾಲು ಕೆರೆದು ಜಗಳ ತೆಗೆಯುವವಳು ಒಂದು ವಾರ ಸುಮ್ಮನಿದ್ದಳು.

ಎಂದೂ ಫೋನು ಮಾಡದವನು ಮಾಡಿದೆ.

"ಮೃಣಾಲ, ನಿಮ್ಮದೊಂದು ಮೆಸೇಜ್ ಬಂದಿತ್ತು. ನಾ ಓದಿಲ್ರಿ. ಏನಿತ್ತದು?"

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. 

"ಓದಿಲ್ಲ?"

"ಎಂಟು ದಿನಾ ಫೋನ್ ಬಂದ್ ಮಾಡಿ ಕಪಾಟದಾಗ ಇಟ್ಟಿದ್ದೆ. ಅಂಕಣದ ಸಲುವಾಗಿ ಒಂದು ಪ್ರಯೋಗ ಮಾಡಾಕತ್ತಿದ್ದೆ..."

"ಎಂಟು ದಿನಾ," ಎಂದಳು. "ಏಳಲ್ಲ. ಎಂಟು."

"ಇನ್ನೊಮ್ಮೆ ಹೇಳ್ರಿ. ಏನಿತ್ತು?"

"ಏನಿಲ್ಲ ಬಿಡ್ರಿ. ಹೇಳೂದು ಒಮ್ಮೆ ಹೇಳೇನಿ. ಅದರದು ಅವಧಿ ಮುಗೀತು. ನಿಮ್ಮ ನಿಯಮದಂಗ ಎಲ್ಲಾ ಆತು," ಎಂದು ಫೋನಿಟ್ಟಳು.

ಗುರುವಾರ ಬೆಳಿಗ್ಗೆ ರೇಣುಕಾಳಿಗೆ ಫೋನು ಮಾಡಿದೆ. ಅವಳು ನನ್ನ ಮೇಲೆ ಹರಿಹಾಯ್ದಳು.

"ಎಲ್ಲಿ ಸತ್ತಿದ್ರಿ ಸರ್? ಧಾರವಾಡದವರು ನಾಳಿ ಶುಕ್ರವಾರ ನಾಕಕ್ಕ ಮಾತುಕತಿಗೆ ಬರ್ತಾರ. ಅಕಿ ನಿನ್ನಿ ಮಧ್ಯಾಹ್ನದತನಾ ತನ್ನಷ್ಟಕ್ಕ ತಾನ ನಗತಿದ್ಲು. ಇವತ್ತ ಬಂದಾಳ, ಮಾರಿ ನೋಡಾಕ ಆಗವಲ್ದು. ಏನು ಮಾಡೀರಿ?"

ನಾಳೆ ನಾಲ್ಕು ಗಂಟೆ. ಗಾಂಧಿ ಚೌಕಕ್ಕೆ ಓಡಿದೆ.

ಫಯಾಜ ಅಂಗಡಿಯ ಶಟರ್ ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದ. ಅಳಿಸಿಹೋದ ಸಂದೇಶವೊಂದನ್ನು ಹೇಗಾದರೂ ಮರಳಿ ತರಬಹುದೇ ಎಂದು ಕೇಳಿದೆ. ಅವನು ಕಡ್ಡಿಯನ್ನು ಗೂಡಿನಲ್ಲಿ ಸಿಕ್ಕಿಸಿ ನನ್ನ ಕಡೆ ತಿರುಗಿದ.

"ಸಿಟ್ಟಿಗೇಳಬ್ಯಾಡ್ರಿ ಸರ್. ನಕಲು ಅದ."

"ಏನಂದಿ?"

"ದಿನಾ ಮುಂಜಾನೆ ಐದಕ್ಕ ತಾನ ನಕಲು ಆಗ್ತದ, ಬ್ಯಾರೆ ಡಿಸ್ಕಿನಾಗ. ಮೊದಲನೇ ದಿನಾನ ಹಚ್ಚಿಬಿಟ್ಟಿದ್ದೆ. ಡಿಸ್ಕ್ ಸುಟ್ಟು ಹೋದ್ರ ನೀವ ನನ್ನ ಕೊಳ್ಳಿಗೆ ಬೀಳ್ತಿದ್ರಿ. ಹದಿನಾಕು ತಿಂಗಳಿಂದೆಲ್ಲಾ ಅದ."

ಎಲ್ಲೂ ಯಾವ ನಕಲೂ ಇಲ್ಲ ಎಂದು ನಾನು ಮೂರು ಸಲ ಊರಿಗೆಲ್ಲ ಸಾರಿದ್ದೆ. ತೆರೆದು ನೋಡಿ, ತೆರೆದು ನೋಡಿ ಎಂದು ವಾರವಾರ ಕೂಗಿದವನು ನನ್ನ ಮಾಳಿಗೆಯ ಪೆಟ್ಟಿಗೆಯನ್ನೇ ತೆರೆದು ನೋಡಿರಲಿಲ್ಲ. ಮೂವತ್ತೊಂದು ಜನ ನನ್ನನ್ನು ನಂಬಿ ಆಡಿದ ಪ್ರತಿಯೊಂದು ಮಾತೂ ಅಲ್ಲಿ ಬಿದ್ದಿತ್ತು.

ಇಬ್ಬರೂ ನಮ್ಮ ಮನೆಗೆ ಹೋಗಿ ಮಾಳಿಗೆ ಹತ್ತಿದೆವು. ಫಯಾಜ ಆ ಡಿಸ್ಕು ತೆರೆದ. ಕಳೆದ ಬುಧವಾರ, ಹತ್ತೂವರೆ, ಮೃಣಾಲ. ಒಂದು ಕ್ಲಿಕ್ಕಿನ ದೂರ.

"ನಿಮಗ ಬರದದ್ದ ಅಲ್ರಿ ಸರ್? ಓದ್ರಿ. ನಾ ಹೊರಗ ನಿಂದರ್ತೇನಿ."

ಓದಬೇಕು ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೈ ಮೌಸಿನ ಮೇಲೆಯೇ ಇತ್ತು. ಆದರೆ ಅವಳು ಏಳು ದಿನದ ಧೈರ್ಯದ ಮೇಲೆ ಆ ಮಾತು ಆಡಿದ್ದಳು. ಆ ಧೈರ್ಯವನ್ನು ನಾನೇ ಬರೆದು, ಸಹಿ ಹಾಕಿ ಕೊಟ್ಟಿದ್ದೆ. ಒಂಬತ್ತನೇ ದಿನ ಅದನ್ನು ಓದಿದರೆ ಅದು ನನಗೇ ಬರೆದದ್ದಾದರೂ ಕದ್ದು ಓದಿದಂತೆಯೇ. ಅದೂ ಅಲ್ಲದೆ, ಅದರಲ್ಲಿ 'ಧಾರವಾಡಕ್ಕೆ ಹೋಗುತ್ತೇನೆ, ಚೆನ್ನಾಗಿರಿ' ಎಂದಿದ್ದರೆ? ಆಗ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ನಾನು ಹೇಳಬೇಕೆಂದಿದ್ದನ್ನು ಹೇಳಲು ಅವಳ ಮಾತಿನ ಆಧಾರ ನನಗೆ ಬೇಕಾಗಿರಲಿಲ್ಲ.

ಅಲ್ಲೇ ಕೂತು ಎಲ್ಲ ಸದಸ್ಯರಿಗೂ ಬರೆದೆ. ನಕಲು ಇತ್ತು, ನಾನು ಪರೀಕ್ಷಿಸದೆ ಸುಳ್ಳು ಬರೆದೆ, ಯಾರ ಮಾತನ್ನೂ ಓದಿಲ್ಲ, ಶನಿವಾರದ ಅಂಕಣದಲ್ಲಿಯೂ ಇದನ್ನೇ ಬರೆಯುತ್ತೇನೆ, ಡಿಸ್ಕು ಏನಾಗಬೇಕೆಂದು ನೀವೇ ಹೇಳಿ. ಅವಳ ಹೆಸರಿನ ಮುಂದೆ ಮಾತ್ರ ಕಳಿಸುವ ಗುಂಡಿ ಒತ್ತಲಿಲ್ಲ. ಅದನ್ನು ಬಾಯಿಯಿಂದಲೇ ಹೇಳಬೇಕಾಗಿತ್ತು.

ಬಸ್ಸು ತಿಕೋಟಾ ಮುಟ್ಟುವಷ್ಟರಲ್ಲಿ ಅಂಗಳದಿಂದ ಒಂಬತ್ತು ಜನ ಎದ್ದುಹೋಗಿದ್ದರು. ಹೋಗಬೇಕಾದದ್ದೇ. ಅವರ ಜಾಗದಲ್ಲಿದ್ದರೆ ನಾನೂ ಹೋಗುತ್ತಿದ್ದೆ, ಮೇಲೆ ಅರ್ಧ ಪುಟ ಬರೆಯುತ್ತಿದ್ದೆ.

ಮೃಣಾಲ ಅದೇ ಕಿಟಕಿಯ ಹತ್ತಿರ ಇದ್ದಳು. ನನ್ನನ್ನು ಕಂಡವಳು ಚಿಮಟ ಕೆಳಗಿಡಲಿಲ್ಲ. ರೇಣುಕಾ ಉಳಿದ ಹೆಂಗಸರನ್ನು ಚಹಾಕ್ಕೆ ಎಬ್ಬಿಸಿಕೊಂಡು ಹೋದಳು.

"ನಾ ಸುಳ್ಳು ಬರದಿದ್ದೆ," ಎಂದೆ. "ಅಂಗಳದ ಎಲ್ಲಾ ಮಾತಿಗೂ ನಕಲು ಅದ. ನಂಗ ಇವತ್ತ ಮುಂಜಾನೆ ಗೊತ್ತಾತು. ನಿಮ್ಮ ಮೆಸೇಜೂ ಅದ ಅದರಾಗ."

ಅವಳ ಮುಖದ ಬಣ್ಣ ಒಮ್ಮೆಲೇ ಇಳಿಯಿತು. "ಓದಿದ್ರಿ."

"ಇಲ್ಲ."

"ಸುಳ್ಳು."

"ನಿಮ್ಮಾಣಿ ಓದಿಲ್ಲ."

ಅವಳು ನನ್ನನ್ನು ನೋಡಿದಳು. ಕೆರೆಯ ಏರಿಯ ಮೇಲಿನ ಕಣ್ಣಂಚಿನ ನೋಟವಲ್ಲ ಅದು. ಎರಡೂ ಕಣ್ಣು ತೆರೆದು, ರೆಪ್ಪೆ ಬಡಿಯದೆ, ಎಷ್ಟು ಹೊತ್ತು ನೋಡಿದಳೆಂದರೆ ಅವಳ ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇರುವುದು ನನಗೆ ಮೊದಲ ಸಲ ಕಾಣಿಸಿತು. ಆ ಕಣ್ಣುಗಳು ರಾತ್ರಿ ಅತ್ತಿದ್ದವು.

"ಯಾಕ ಓದಲಿಲ್ಲ?" ಎಂದಳು ಮೆಲ್ಲಗೆ.

"ಓದಿದ್ರ ನಾ ಈಗ ಹೇಳೂದು ಅದಕ್ಕ ಉತ್ತರ ಆಗತಿತ್ತು. ಇದು ಉತ್ತರ ಅಲ್ಲ. ಮಮದಾಪುರದಾಗ ಎಂಟು ದಿನಾ ಕುಂತು ಯೋಚನಿ ಮಾಡೇನಿ. ನನಗ ನೀವು ಬೇಕ್ರಿ ಮೃಣಾಲ. ಮುಂಜಾನೆದ್ದು ಬೈಸಿಕೊಳ್ಳಾಕೂ ನೀವ ಬೇಕು, ಸಂಜಿಗೆ ಕೆರಿ ಏರಿಮ್ಯಾಲ ಸುಮ್ಮ ನಡೀಲಿಕ್ಕೂ ನೀವ ಬೇಕು. ನೀವೇನು ಬರದಿದ್ರಿ ನಂಗೊತ್ತಿಲ್ಲ. ನಾಳಿ ಧಾರವಾಡದವರು ಬರ್ತಾರ ಅಂತ ಗೊತ್ತದ. ಅವರಿಗೆ ಹೂಂ ಅನ್ನೂದಿದ್ರ ಅನ್ರಿ. ಆದ್ರ ನನ್ನ ಮಾತು ಕೇಳಿ ಅನ್ರಿ."

ಇಷ್ಟು ಉದ್ದದ ಮಾತನ್ನು ನಾನು ಬದುಕಿನಲ್ಲಿ ಒಂದು ಸಲವೂ ತಿದ್ದದೆ ಆಡಿರಲಿಲ್ಲ.

ಅವಳು ಚಿಮಟ ಕೆಳಗಿಟ್ಟಳು. ಏಪ್ರನ್ನಿನ ತುದಿಗೆ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

"ಧಾರವಾಡದವರು ಬರಂಗಿಲ್ಲ," ಎಂದಳು.

"ಯಾಕ?"

"ನಾ ಏನು ಬರದಿದ್ದೆ ಹೇಳ್ಲೇನು? ‘ಪ್ರಸ್ತಾಪ: ಸುಶೀಲೇಂದ್ರ ಮತ್ತು ಮೃಣಾಲ ಮದುವೆಯಾಗತಕ್ಕದ್ದು. ಆಕ್ಷೇಪಣೆ ಇದ್ದಲ್ಲಿ ಏಳು ದಿನದೊಳಗೆ ತಿಳಿಸುವುದು.’ ಇಷ್ಟ."

ನನ್ನ ತಲೆಯಲ್ಲಿ ದಿನಗಳು ಒಂದರ ಹಿಂದೆ ಒಂದು ಓಡಿದವು. ಬುಧವಾರದಿಂದ ಬುಧವಾರ. ನಾನು ಕುರಿ ನೋಡುತ್ತ ಕೂತಿದ್ದ ಏಳು ದಿನ.

"ನಾ ಸುಮ್ಮನಿದ್ದೆ," ಎಂದೆ.

"ಸುಮ್ಮನಿದ್ರಿ! ಏಳು ದಿನಾ ಫೋನ್ ಕೈಯಾಗ ಹಿಡಕೊಂಡ ಅಡ್ಡಾಡೇನಿ. ಬ್ಯಾಡ ಅನಲಿಲ್ಲ. ನಂಗ ಬ್ಯಾರೆ ಏನ ತಿಳೀಬೇಕು? ನಾಚಿಕಿ ಮನಷ್ಯಾ, ನಿಯಮದ ಪ್ರಕಾರ ಹೂಂ ಅನಾಕತ್ತಾನ ಅನಕೊಂಡೆ. ನಿನ್ನಿ ಹತ್ತೂವರಿಗೆ ಏಳು ದಿನಾ ಮುಗೀತು. ಹನ್ನೊಂದಕ್ಕ ಅಪ್ಪಗ ಫೋನ್ ಮಾಡಿ ಹೇಳಿಬಿಟ್ಟೆ, ಧಾರವಾಡದವರಿಗೆ ಬ್ಯಾಡ ಅನ್ರಿ, ನಂದು ಪಕ್ಕಾ ಆಗೇದ ಅಂತ. ಅಪ್ಪ ಆಗಿಂದಾಗ ಅವರಿಗೆ ತಿಳಿಸಿಬಿಟ್ಟ. ಸಂಜಿಗೆ ನೀವು ಫೋನ್ ಮಾಡಿ ‘ಏನಿತ್ತದು’ ಅಂತ ಕೇಳ್ತೀರಿ." ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು, ನಗುವೋ ಅಳುವೋ ತಿಳಿಯಲಿಲ್ಲ. "ನಾ ಯಾರ ಜೋಡಿ ಪಕ್ಕಾ ಮಾಡಕೊಂಡಿದ್ದೆ ಹೇಳ್ರಿ? ಕಪಾಟದಾಗಿನ ಒಂದು ಬಂದ್ ಫೋನಿನ ಜೋಡಿ."

"ನಿನ್ನಿ ಫೋನಿನಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಏನಾಗತಿತ್ತು? ಅಯ್ಯೋ ಪಾಪ, ಸಂಬಂಧ ಬಿಟ್ಟಾಳ ಅಂತ ಮರ್ಯಾದಿಗೆ ಹೂಂ ಅಂತಿದ್ರಿ. ನಂಗ ಆ ಹೂಂ ಬ್ಯಾಡಾಗಿತ್ತು. ಅದನ್ನ ಇಟಗೊಂಡು ಜೀವನಾ ಹೆಂಗ ಮಾಡೂದು?"

ಆಗ ನನಗೆ ಅರ್ಥವಾಯಿತು. ಬೆಳಿಗ್ಗೆ ಮಾಳಿಗೆಯಲ್ಲಿ ಆ ಒಂದು ಕ್ಲಿಕ್ಕು ಒತ್ತಿದ್ದರೆ, ನಾನು ಈಗ ಆಡಿದ ಒಂದು ಮಾತನ್ನೂ ಅವಳು ನಂಬುತ್ತಿರಲಿಲ್ಲ.

"ಹಂಗಾದ್ರ ನಾ ನಿನ್ನಿ ಹತ್ತೂವರಿಯಿಂದನ..."

"ಏನಿಲ್ಲ," ಎಂದು ಅವಳು ಕೈ ಅಡ್ಡ ಮಾಡಿದಳು. ಆದರೆ ಕಣ್ಣು ಈಗ ಖಂಡಿತ ನಗುತ್ತಿದ್ದವು, ಒದ್ದೆಯಾಗಿಯೇ. "ಅದು ಲೆಕ್ಕಕ್ಕಿಲ್ಲ. ಸುಮ್ಮನಿದ್ದದ್ದು ಹೂಂ ಅಲ್ಲ. ಆ ನಿಯಮಾ ತಗದ ಒಗೀರಿ. ಈಗ ಬಾಯಿಲೆ ಹೇಳೀರಲ್ಲ, ಅದು ಖರೆ."

"ಮತ್ತ ನಿಮ್ಮ ಉತ್ತರಾ?"

ಅವಳು ಮೇಜಿನ ಮೇಲಿನಿಂದ ಒಂದು ದ್ರಾಕ್ಷಿ ಆರಿಸಿದಳು. ಬೆಳಕಿಗೆ ಹಿಡಿದು ನೋಡಲಿಲ್ಲ. ನೇರವಾಗಿ ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. ಮಡಚಿದ ಮೇಲೂ ಅವಳ ಕೈ ಅಲ್ಲೇ ಇತ್ತು.

"ನಾ ಒಂದು ವಾರ ಮೊದಲ ಹೇಳೀನಿ, ನಿಮಗ ಈಗ ಗೊತ್ತಾಗ್ಯಾದ," ಎಂದಳು. "ನಡೀರಿ. ಅಪ್ಪಗ ಹೇಳೂದು ನಿಮ್ಮ ಕೆಲಸ."

ಅರ್ಧ ದಿನದ ರಜೆ ಬರೆದು ಅವಳು ನನ್ನ ಜೊತೆಗೇ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಈಚೆ ನಾನು. ದಾರಿಯುದ್ದಕ್ಕೂ ಕೊಯ್ಲು ಮುಗಿದು ಕಡ್ಡಿ ಸವರಿದ ದ್ರಾಕ್ಷಿಯ ತೋಟಗಳು ಹಿಂದೆ ಸರಿಯುತ್ತಿದ್ದವು. ಮಧ್ಯಾಹ್ನದ ಬಿಸಿಗಾಳಿಗೆ ಅವಳ ಕಣ್ಣು ತಾನಾಗಿ ಮುಚ್ಚಿಕೊಂಡವು. ಒಂದು ವಾರದ ನಿದ್ದೆಯೆಲ್ಲ ಬಾಕಿಯಿತ್ತು. ತಲೆ ವಾಲುತ್ತ ವಾಲುತ್ತ ನನ್ನ ಹೆಗಲಿಗೆ ಬಂತು. ಕಂಡಕ್ಟರ್ ಟಿಕೆಟ್ ಕೊಡಲು ಬಂದವನು ನೋಡಿ, ದನಿ ತಗ್ಗಿಸಿ ಕೇಳಿದ.

"ಎಲ್ಲಿಗ್ರಿ?"

"ಇಟ್ಟಂಗಿಹಾಳ ಕ್ರಾಸ್, ಎರಡು," ಎಂದೆ, ಇನ್ನೂ ಮೆಲ್ಲಗೆ. ಪತ್ರದ ತಿಕೋಟಾ ಅವಳ ಕೆಲಸದ ಊರು, ಮನೆ ಈ ಕ್ರಾಸಿನ ಹತ್ತಿರ.

ಆ ದಾರಿ ಮುಗಿಯದಿರಲಿ ಎಂದು ಅನಿಸಿತು. ಹಾಗೇ, ಬೇಗ ಮುಗಿಯಲಿ ಎಂದೂ ಅನಿಸಿತು. ಅವಳ ಉಸಿರು ನನ್ನ ತೋಳಿಗೆ ತಾಕುತ್ತಿತ್ತು. ನಾನು ಪೂರ್ಣ ಸುಖಿಯಾಗಿದ್ದೆ ಮತ್ತು ಅವಳ ಅಪ್ಪನಿಗೆ ಪೂರ್ಣ ಹೆದರಿದ್ದೆ.

ಶಿವಾನಂದ ಜೋಶಿಯವರು ಪೋಸ್ಟಿನಿಂದ ನಿವೃತ್ತರಾದವರು. ಪಡಸಾಲೆಯ ಖುರ್ಚಿಯಲ್ಲಿ ಕೂತಿದ್ದರು. ಮಗಳನ್ನೂ ಅವಳ ಹಿಂದೆ ನನ್ನನ್ನೂ ನೋಡಿ ಪತ್ರಿಕೆ ಮಡಚಿಟ್ಟರು. ಕುಳಿತುಕೊಳ್ಳಲು ಹೇಳಿದರು. ನಾನು ಪ್ರಯೋಗ, ಫೋನು, ಏಳು ದಿನ, ನಕಲು ಎಲ್ಲವನ್ನೂ ಮೊದಲಿನಿಂದ ವಿವರಿಸತೊಡಗಿದೆ. ಸರ್ವರಿನ ಹತ್ತಿರ ಬರುವಷ್ಟರಲ್ಲಿ ಅವರು ಕೈ ಎತ್ತಿದರು.

"ಇರಲಿ ತಮ್ಮಾ. ಅದರಾಗ ನಂಗ ಏನೂ ತಿಳಿಯಂಗಿಲ್ಲ. ಇಕಿ ನಿನ್ನಿ ಮುಂಜಾನೆ ಪಕ್ಕಾ ಆಗೇದ ಅಂದ್ಲು. ಯಾರ ಜೋಡಿ ಅಂದ್ರ, ಸಂಜಿಗೆ ಹೇಳ್ತೇನಿ ಅಂದ್ಲು. ಸಂಜಿಗೆ ಕ್ವಾಣ್ಯಾಗ ಕದಾ ಹಾಕ್ಕೊಂಡು ಅಳಾಕ ಹತ್ತಿದ್ಲು. ನಾ ಧಾರವಾಡದವರ ಮುಂದ ತಲಿ ತಗ್ಗಿಸಿ ಮಾತಾಡೇನಿ. ನಂಗ ಒಂದ ಹೇಳ್ರಿ. ನನ್ನ ಮಗಳು ನಿಮಗ ಬೇಕೇನು?"

ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ, ಕೂತು ಹೇಳುವ ಮಾತಾಗಿರಲಿಲ್ಲ ಅದು.

"ಬೇಕ್ರಿ. ನಾ ಮೃಣಾಲನ್ನ ಮದವಿ ಆಗಬೇಕಂತ ಕೇಳಾಕ ಬಂದೇನಿ."

ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮಗಳ ಕಡೆ ತಿರುಗಿ, "ನಂಗ ಇಷ್ಟ ಸಾಕವಾ," ಎಂದರು. ಮೃಣಾಲ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಓಢಣಿಯ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅವಳ ಹಿಂದೆ ಒಳಗೆ ಮಿಕ್ಸರ್ ತಿರುಗುತ್ತಿತ್ತು. ಅದು ಈಗಷ್ಟೇ ನಿಂತಿತು.

"ಇನ್ನೊಮ್ಮೆ ಹೇಳ್ರಿ," ಎಂದಳು ಅವಳು. "ಅವ್ವಗ ಕೇಳಿಸಿಲ್ಲ."

ನಾನು ಇನ್ನೊಮ್ಮೆ ಹೇಳಿದೆ, ಅಡುಗೆಮನೆಗೆ ಕೇಳುವ ಹಾಗೆ.